ಉಳಿದ 6 ಮಿಲಿಮೀಟರ್: ಡೊಂಬಿವಲಿಯ ಒಂದು ಸ್ತನ ಕ್ಯಾನ್ಸರ್ ಪ್ರಕರಣ

ಕೊನೆಯ ಕೀಮೋ ಮುಗಿದ ವಾರ ಅಕ್ಕನ ಮನೆಯಲ್ಲಿ ಕಡ್ಲೆಬೇಳೆ ಪಾಯಸ ಮಾಡಿದ್ದರು. ಎದೆಯ ಗಂಟು ಕೈಗೆ ಸಿಗುತ್ತಲೇ ಇರಲಿಲ್ಲ. ಸೋನೋಗ್ರಫಿಯಲ್ಲೂ ಆ ಜಾಗದಲ್ಲಿ ಒಂದು ಮಸುಕು ನೆರಳು, ಅಷ್ಟೇ. ಭಾವ ಪಾಯಸದ ಲೋಟ ನನ್ನ ಕೈಗೆ ಕೊಡುತ್ತಾ ಕೇಳಿದರು: "ಗಂಟೇ ಇಲ್ಲ ಅಂದ ಮೇಲೆ ಆಪರೇಷನ್ ಎಂತಕ್ಕೆ?"

ನಾನು ಮುಂಬೈಯ ಒಂದು ಲ್ಯಾಬಿನಲ್ಲಿ ಹಿಸ್ಟೋಪೆಥಾಲಜಿ ಕೆಲಸ ಮಾಡುತ್ತೇನೆ. ಆಸ್ಪತ್ರೆಯಿಂದ ಬಂದ ಮಾಂಸದ ತುಂಡನ್ನು ಮೇಣದಲ್ಲಿ ಅಚ್ಚು ಹಾಕಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗೆ ಇಡುವುದು ನಮ್ಮ ಕೆಲಸ. ಅಕ್ಕ ನನಗೆ ರಕ್ತಸಂಬಂಧಿ ಅಲ್ಲ. ಒಂದೇ ಬಿಲ್ಡಿಂಗ್, ಊರು ಕುಂದಾಪುರದ ಕಡೆ, ಭಾವನದ್ದು ಸ್ಟೇಷನ್ ಹತ್ತಿರ ಒಂದು ಸಣ್ಣ ಕ್ಯಾಂಟೀನು. ಮುಂಬೈಯಲ್ಲಿ ಇಷ್ಟಿದ್ದರೆ ಅಕ್ಕ, ಭಾವ ಆಗುವುದಕ್ಕೆ ಬೇರೇನೂ ಬೇಡ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಶುರುವಾದದ್ದು ಹೀಗೆ. ಅಕ್ಕನಿಗೆ ಆಗ 46 ವರ್ಷ. ಬಲಗಡೆ ಎದೆಯಲ್ಲಿ ಗಂಟು ಸಿಕ್ಕಿತು, ನೋವಿರಲಿಲ್ಲ. ಮನೆ ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ "ಈ ವಯಸ್ಸಿಗೆ ಹಾರ್ಮೋನಿನಿಂದ ಹೀಗಾಗುತ್ತೆ" ಅಂತ ವಿಟಮಿನ್ ಮಾತ್ರೆ ಬರೆದು ಕಳಿಸಿದರು. 7 ತಿಂಗಳು ಹಾಗೇ ಹೋಯಿತು. ಕಂಕುಳಲ್ಲೂ ಗಂಟು ಕಾಣಿಸಿಕೊಂಡ ಮೇಲೆ ಅಲ್ಲೇ ಬಯಾಪ್ಸಿ ಮಾಡಿದರು, ಅದೂ ಕೆಟ್ಟಿತು. ಸೂಜಿಯಲ್ಲಿ ತೆಗೆದ ತುಂಡನ್ನು ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹಾಕಬೇಕು. ಅವರು ಸಲೈನಿನಲ್ಲಿ ಇಟ್ಟು ಮರುದಿನ ಕಳಿಸಿದ್ದರು. ಬಣ್ಣ ಹಾಕಿದರೆ ಅಲ್ಲಲ್ಲಿ ಹಿಡಿದು ಅಲ್ಲಲ್ಲಿ ಬಿಟ್ಟುಹೋಗಿತ್ತು. ಇಂಥ ತುಂಡಿನ ಮೇಲೆ ಈಸ್ಟ್ರೊಜೆನ್ ರಿಸೆಪ್ಟರ್ (ಹಾರ್ಮೋನನ್ನು ಹಿಡಿಯುವ ಕೊಂಡಿ) ಇದೆ, ಇಲ್ಲ ಅಂತ ಬರೆದುಕೊಡುವುದು ಪಾಪ. ಹಾಗಾಗಿ ಟ್ರಸ್ಟ್ ಆಸ್ಪತ್ರೆಯೊಂದರಲ್ಲಿ ಎರಡನೇ ಸಲ ಸೂಜಿ ಚುಚ್ಚಿಸಿಕೊಂಡರು.

ಎರಡನೇ ರಿಪೋರ್ಟು ಸ್ಪಷ್ಟವಾಗಿತ್ತು. ಗಂಟು 3.5 ಸೆಂಟಿಮೀಟರ್, ಗ್ರೇಡ್ 3, ಕಂಕುಳಿನ ಒಂದು ಗ್ರಂಥಿಗೂ ಹೋಗಿದೆ. ಈಸ್ಟ್ರೊಜೆನ್ ರಿಸೆಪ್ಟರ್, ಪ್ರೊಜೆಸ್ಟೆರಾನ್ ರಿಸೆಪ್ಟರ್, ಹರ್-2 ಅನ್ನುವ ಪ್ರೊಟೀನ್ ಮೂರೂ ಇಲ್ಲ. ಇದನ್ನೇ ಟ್ರಿಪಲ್ ನೆಗೆಟಿವ್ ಅನ್ನುವುದು. ಗುರಿ ಇಟ್ಟು ಹೊಡೆಯುವ ಹಾರ್ಮೋನ್ ಮಾತ್ರೆ, ಹರ್-2 ಇಂಜೆಕ್ಷನ್ ಇದಕ್ಕೆ ನಾಟುವುದಿಲ್ಲ. ವಂಶದಲ್ಲಿ ಬರುವ ಸ್ತನ ಕ್ಯಾನ್ಸರಿಗೆ ನೋಡುವ ಬಿಆರ್‌ಸಿಎ ಜೀನ್ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ.

ರಿಪೋರ್ಟಿನಲ್ಲಿ ಒಂದು ಸಾಲು ಎಲ್ಲರಿಗೂ ಖುಷಿ ಕೊಟ್ಟಿತು, ನನಗೂ ಕೊಟ್ಟಿತ್ತು. ಟಿಲ್ 40 ಶೇಕಡಾ. ಟಿಲ್ ಅಂದರೆ ಗಡ್ಡೆಯೊಳಗೆ ನುಗ್ಗಿದ ಲಿಂಫೊಸೈಟ್‌ಗಳು, ನಮ್ಮ ದೇಹದ ಕಾವಲು ಕೋಶಗಳು. ಕ್ಯಾನ್ಸರ್ ಕೋಶಗಳ ಗುಂಪುಗಳ ನಡುವಿನ ಸಂದಿನಲ್ಲಿ ಇವು ಎಷ್ಟು ಜಾಗ ತುಂಬಿವೆ ಅಂತ ಕಣ್ಣಂದಾಜಿನಲ್ಲಿ ಹೇಳುವ ಲೆಕ್ಕ ಅದು. ಹೇಗೆ ಎಣಿಸಬೇಕು ಅನ್ನುವುದಕ್ಕೆ 2014ರಲ್ಲಿ ಅಂತಾರಾಷ್ಟ್ರೀಯ ತಂಡವೊಂದು ನಿಯಮ ಮಾಡಿದೆ. ಟ್ರಿಪಲ್ ನೆಗೆಟಿವ್‌ನಲ್ಲಿ ಟಿಲ್ ಜಾಸ್ತಿ ಇದ್ದರೆ ಕೀಮೋ ಚೆನ್ನಾಗಿ ಹಿಡಿಯುತ್ತದೆ, ಬದುಕುವ ಸಾಧ್ಯತೆಯೂ ಜಾಸ್ತಿ. ಇದು ಮತ್ತೆ ಮತ್ತೆ ಗಟ್ಟಿಯಾದ ಮಾತು.

ಭಾವ ಇದನ್ನು ಕೇಳಿದ್ದೇ ತಡ, ಶನಿಪೂಜೆ ಸಮಿತಿಯ ಯಾರೋ ಹೇಳಿದರು ಅಂತ 1,800 ರೂಪಾಯಿ ಕೊಟ್ಟು ಒಂದು ಡಬ್ಬ 'ಇಮ್ಯುನಿಟಿ ಪುಡಿ' ತಂದರು. "ಇಮ್ಯುನಿಟಿ ಜಾಸ್ತಿ ಆದ್ರೆ ಕ್ಯಾನ್ಸರ್ ಹೋಗ್ತದೆ, ಅಲ್ವಾ?" ಅಂತ ಕೇಳಿದರು. ಡಾಕ್ಟರಿಗೆ ಹೇಳದೆ ಕೀಮೋ ಜೊತೆ ಏನನ್ನೂ ಕೊಡಬೇಡಿ ಅಂತ ಮಾತ್ರ ಹೇಳಿ ತಪ್ಪಿಸಿಕೊಂಡೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದಕ್ಕೆ ನನಗೆ ಅಕ್ಕನದೇ ಸ್ಲೈಡು ಬೇಕಾಯಿತು.

ಚಿಕಿತ್ಸೆಯ ಭಾಗ ಬೇಗ ಹೇಳಿಬಿಡುತ್ತೇನೆ. ಮೊದಲು ಕೀಮೋ, ಆಮೇಲೆ ಆಪರೇಷನ್. 4 ಸಲ ಕೆಂಪು ಔಷಧಿ (ಡಾಕ್ಸೊರುಬಿಸಿನ್, ಬಾಟಲಿ ನೋಡಿ ಅಕ್ಕ 'ರೂಹ್ ಅಫ್ಜಾ' ಅನ್ನುತ್ತಿದ್ದರು), ಅದರ ಜೊತೆ ಸೈಕ್ಲೊಫಾಸ್ಫಮೈಡ್. ಆಮೇಲೆ 12 ವಾರ ಪ್ಯಾಕ್ಲಿಟ್ಯಾಕ್ಸೆಲ್, ಕಾರ್ಬೊಪ್ಲಾಟಿನ್. ಕಾರ್ಬೊಪ್ಲಾಟಿನ್ ಸೇರಿಸಿದ್ದಕ್ಕೆ ಮುಂಬೈಯದೇ ಒಂದು ಹಿನ್ನೆಲೆ ಇದೆ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ ನಡೆಸಿದ ಪ್ರಯೋಗದ ಫಲಿತಾಂಶ 2022ರ ಡಿಸೆಂಬರ್‌ನಲ್ಲಿ ಬಂತು. ಟ್ರಿಪಲ್ ನೆಗೆಟಿವ್ ಇರುವ, 50 ದಾಟದ ಹೆಂಗಸರಿಗೆ ವಾರ ವಾರ ಇದನ್ನು ಕೊಟ್ಟರೆ ಲಾಭ ಅಂತ ತೋರಿತು. ಇದು ಅಗ್ಗದ, ಹಳೆಯ ಔಷಧಿ. ಇನ್ನೊಂದು ದಾರಿ ಇತ್ತು, ಪೆಂಬ್ರೊಲಿಜುಮ್ಯಾಬ್ ಅನ್ನುವ ಇಮ್ಯುನೊಥೆರಪಿ. 2020ರಲ್ಲಿ ಪ್ರಕಟವಾದ ಕೀನೋಟ್-522 ಪ್ರಯೋಗದಲ್ಲಿ ಕೀಮೋ ಜೊತೆ ಇದನ್ನು ಕೊಟ್ಟಾಗ ಶೇಕಡಾ 64.8 ಮಂದಿಯಲ್ಲಿ ಆಪರೇಷನ್ ಹೊತ್ತಿಗೆ ಕ್ಯಾನ್ಸರ್ ಪೂರ್ತಿ ಮಾಯವಾಗಿತ್ತು. ಬರೀ ಕೀಮೋದಲ್ಲಿ ಅದು 51.2. ಆದರೆ ಒಂದೊಂದು ಡೋಸಿಗೆ ಲಕ್ಷಗಟ್ಟಲೆ. ಭಾವ ಕ್ಯಾಂಟೀನು ಮಾರುತ್ತೇನೆ ಅಂದರು. ಅಕ್ಕ ಬಿಡಲಿಲ್ಲ. "ಮಾರಿ ನಾನು ಉಳಿದ್ರೆ ತಿನ್ನುವುದು ಎಂತ?" ಅಂದರು.

ಮತ್ತೆ ಪಾಯಸದ ದಿನಕ್ಕೆ ಬರೋಣ. ಗಂಟು ಕಾಣದಿದ್ದರೂ ಆಪರೇಷನ್ ಬೇಕೇ ಬೇಕು ಅಂತ ಸರ್ಜನ್ ಹೇಳಿದ್ದರು. ಸೋನೋಗ್ರಫಿಗೆ ಕಾಣದ್ದು ಮೈಕ್ರೋಸ್ಕೋಪಿಗೆ ಕಾಣುತ್ತದೆ. ಅಕ್ಕ ಒಪ್ಪಿದರು. ತೆಗೆದ ತುಂಡು ನಮ್ಮ ಲ್ಯಾಬಿಗೇ ಬಂತು. ಕಂಕುಳಿನ ಗ್ರಂಥಿಗಳೆಲ್ಲ ಶುಚಿ. ಎದೆಯಲ್ಲಿ ಗಂಟು ಇದ್ದ ಜಾಗದಲ್ಲಿ ಗಾಯ ಮಾಗಿದ ನಾರು, ಅದರೊಳಗೆ 6 ಮಿಲಿಮೀಟರ್ ಜಾಗದಲ್ಲಿ ಮೂರು ನಾಲ್ಕು ಪುಟ್ಟ ಗೂಡುಗಳು. ಜೀವಂತ ಕ್ಯಾನ್ಸರ್ ಕೋಶಗಳು.

ಟಿಲ್ 40 ಇದ್ದ ಗಡ್ಡೆ ಇದು. 16 ಸಲ ಔಷಧಿ ಏರಿಸಿದ್ದಾರೆ. ಕಿಲೋಗಟ್ಟಲೆ ಕೂದಲು ಉದುರಿದ ಹಾಗೆ ಅನ್ನಿಸುವಷ್ಟು ಕಷ್ಟಪಟ್ಟಿದ್ದಾರೆ. ಇವು ಹೇಗೆ ಉಳಿದವು?

ನಮ್ಮಲ್ಲಿ ಒಂದು ಸಂಶೋಧನೆ ನಡೆಯುತ್ತಿತ್ತು, ಉಳಿದ ಗಡ್ಡೆಗಳಿಗೆ ಹೆಚ್ಚುವರಿ ಬಣ್ಣ ಹಾಕಿ ನೋಡುವುದು. ಒಪ್ಪಿಗೆ ಪತ್ರ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿತ್ತು. ನಾನು ಅಡುಗೆಮನೆಯ ಕಟ್ಟೆ ಮೇಲೆ ಕೂತು ಕನ್ನಡದಲ್ಲಿ ಓದಿ ಹೇಳಿದೆ. 'ಕ್ಯಾನ್ಸರ್ ಸ್ಟೆಮ್ ಸೆಲ್' (ಕ್ಯಾನ್ಸರ್ ಕಾಂಡಕೋಶ) ಅನ್ನುವ ಕಡೆ ಅಕ್ಕ ತಡೆದರು. ಹೆರಿಗೆ ಆಸ್ಪತ್ರೆಯಲ್ಲಿ ಹೊಕ್ಕುಳಬಳ್ಳಿ ಎತ್ತಿಡಿ ಅಂತ ಜಾಹೀರಾತು ಕೊಡುತ್ತಾರಲ್ಲ, ಅದೇನಾ ಅಂತ ಕೇಳಿದರು. ಅಲ್ಲ, ಗದ್ದೆಯ ಜೇಕು ಗೊತ್ತಲ್ಲ ಅಂದೆ. ಮೇಲಿನ ಹುಲ್ಲು ಎಷ್ಟು ಕಿತ್ತರೂ ಮಣ್ಣೊಳಗಿನ ಗಡ್ಡೆ ಉಳಿದರೆ ಮತ್ತೆ ಚಿಗುರುತ್ತದೆ. ಕ್ಯಾನ್ಸರಿನಲ್ಲೂ ಎಲ್ಲ ಕೋಶಗಳಿಗೆ ಹೊಸ ಗಡ್ಡೆ ಕಟ್ಟುವ ತಾಕತ್ತಿಲ್ಲ, ಕೆಲವಕ್ಕೆ ಮಾತ್ರ ಇದೆ. ಅಕ್ಕ ತಕ್ಷಣ ತಲೆಯಾಡಿಸಿ ಸಹಿ ಹಾಕಿದರು.

ಇದು ಸುಮ್ನೆ ಹೋಲಿಕೆ ಅಲ್ಲ. 2003ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಕ್ಲಾರ್ಕ್ ಅವರ ತಂಡ ಸ್ತನ ಕ್ಯಾನ್ಸರ್ ಕೋಶಗಳನ್ನು ಮೈಮೇಲಿನ ಗುರುತು ನೋಡಿ ಬೇರೆ ಬೇರೆ ಮಾಡಿತು. ಸಿಡಿ44 ಜಾಸ್ತಿ, ಸಿಡಿ24 ಕಡಿಮೆ ಅಥವಾ ಇಲ್ಲವೇ ಇಲ್ಲ, ಅಂಥವನ್ನು ಇಲಿಗೆ ಚುಚ್ಚಿದರೆ ಬರೀ 100 ಕೋಶಕ್ಕೆ ಗಡ್ಡೆ ಕಟ್ಟುತ್ತಿತ್ತು. ಉಳಿದ ಕೋಶಗಳನ್ನು ಹತ್ತಾರು ಸಾವಿರ ಚುಚ್ಚಿದರೂ ಕಟ್ಟುತ್ತಿರಲಿಲ್ಲ. 2008ರಲ್ಲಿ ಇನ್ನೊಂದು ತಂಡ ರೋಗಿಗಳ ಗಡ್ಡೆಯನ್ನೇ ಕೀಮೋಗೆ ಮೊದಲು, 12 ವಾರದ ನಂತರ ತೆಗೆದು ಎಣಿಸಿತು. ಇಂಥ ಕೋಶಗಳ ಪಾಲು ಸರಾಸರಿ 4.7ರಿಂದ 13.6 ಶೇಕಡಾಕ್ಕೆ ಏರಿತ್ತು. ಗಡ್ಡೆ ಕುಗ್ಗುತ್ತದೆ, ಒಳಗಿನ ಜೇಕಿನ ಪಾಲು ಏರುತ್ತದೆ.

ಅಕ್ಕನ ಎರಡು ಸ್ಲೈಡು ಪಕ್ಕ ಪಕ್ಕ ಇಟ್ಟೆ. ಸಿಡಿ44ಕ್ಕೆ ಕಂದು ಬಣ್ಣ, ಸಿಡಿ24ಕ್ಕೆ ಕೆಂಪು. ಕೀಮೋಗೆ ಮೊದಲಿನ, ಎರಡನೇ ಸಲದ ಬಯಾಪ್ಸಿಯಲ್ಲಿ ಬರೀ ಕಂದು ಇರುವ ಕೋಶ ಹುಡುಕಿದರೆ ಸಿಗುತ್ತಿತ್ತು, ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು. ಉಳಿದ 6 ಮಿಲಿಮೀಟರಿನಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಹಾಗಿತ್ತು. ಇಷ್ಟನ್ನು ನಾನು ನಿರೀಕ್ಷಿಸಿದ್ದೆ.

ನಿರೀಕ್ಷಿಸದೇ ಇದ್ದದ್ದು ಮುಂದಿನ ಸ್ಲೈಡಿನಲ್ಲಿತ್ತು. ಸಿಡಿ163, ಅಂದರೆ ಮ್ಯಾಕ್ರೋಫೇಜ್‌ಗಳನ್ನು ತೋರಿಸುವ ಬಣ್ಣ. ಸತ್ತ ಕೋಶ, ಕಸ, ಬ್ಯಾಕ್ಟೀರಿಯಾ ನುಂಗುವ ಕಾವಲು ಕೋಶಗಳು ಇವು. ಕೀಮೋ ಆದ ಜಾಗದಲ್ಲಿ ಇವು ಇರುವುದು ಸಹಜ, ಅಷ್ಟೊಂದು ಹೆಣ ಬಿದ್ದಿರುತ್ತದಲ್ಲ. ಅಂಥವು ತಿಂದು ಊದಿಕೊಂಡು ನೊರೆ ತುಂಬಿದ ಹಾಗೆ ಕಾಣುತ್ತವೆ, ಆ ಜಾಗವಿಡೀ ಚದುರಿರುತ್ತವೆ. ಅಕ್ಕನ ಸ್ಲೈಡಿನಲ್ಲಿ ಅವೂ ಇದ್ದವು. ಆದರೆ ಕ್ಯಾನ್ಸರ್ ಗೂಡುಗಳ ಸುತ್ತ ಇದ್ದವು ಬೇರೆ ಥರ. ಊದಿಕೊಂಡಿರಲಿಲ್ಲ, ಏನೂ ತಿಂದ ಹಾಗಿರಲಿಲ್ಲ. ಉದ್ದುದ್ದ ಚಾಚಿಕೊಂಡು ಗೂಡಿನ ಅಂಚಿಗೆ ಒರಗಿ, ಕೆಲವು ಕಡೆ ಒಂದು ಕ್ಯಾನ್ಸರ್ ಕೋಶವನ್ನು ಎರಡು ಕಡೆಯಿಂದ ತಬ್ಬಿದ ಹಾಗೆ. ಮ್ಯಾಕ್ರೋಫೇಜ್‌ಗಳ ಈ ಬೇಲಿಯ ಹೊರಗೆ, ಸಿಡಿ8 ಬಣ್ಣ ಹಾಕಿದ ಸ್ಲೈಡಿನಲ್ಲಿ, ಕೊಲ್ಲುವ ಟಿ-ಕೋಶಗಳು ಸಾಲಾಗಿ ನಿಂತಿದ್ದವು. ಒಳಗೆ ಒಂದೂ ಇರಲಿಲ್ಲ. ಮಧ್ಯಾಹ್ನದ ಡಬ್ಬಿ ಹಾಗೇ ಬಿಟ್ಟು ನೋಡುತ್ತಾ ಕೂತಿದ್ದೆ.

ಈ ತಬ್ಬುವಿಕೆಗೆ ವಿವರಣೆ ಇದೆ. 2014ರಲ್ಲಿ ಅಮೆರಿಕದ ವೈಟ್‌ಹೆಡ್ ಸಂಸ್ಥೆಯ ರಾಬರ್ಟ್ ವೈನ್‌ಬರ್ಗ್ ಅವರ ಲ್ಯಾಬು ಇದನ್ನೇ ಹಿಡಿದು ಹೋಯಿತು. ಕ್ಯಾನ್ಸರ್ ಕಾಂಡಕೋಶದ ಮೈಮೇಲೆ ಸಿಡಿ90 ಅನ್ನುವ ಕೊಂಡಿ ಇದೆ, ಮ್ಯಾಕ್ರೋಫೇಜ್ ಅದನ್ನು ಹಿಡಿದುಕೊಳ್ಳುತ್ತದೆ. ಹಿಡಿದ ಮೇಲೆ ಇನ್ನೊಂದು ಕೊಂಡಿ, ಎಫ್‌ಎ4 (ಇಂಗ್ಲಿಷಿನಲ್ಲಿ ಇದನ್ನು ಎಫ್ರಿನ್ ರಿಸೆಪ್ಟರ್ ಅನ್ನುತ್ತಾರೆ), ಚಾಲೂ ಆಗುತ್ತದೆ. ಅದು ಕ್ಯಾನ್ಸರ್ ಕೋಶದೊಳಗೆ ಎನ್‌ಎಫ್ ಕಪ್ಪಾ-ಬಿ ಅನ್ನುವ ಸ್ವಿಚ್ ಒತ್ತುತ್ತದೆ. ಆಗ ಕೋಶ ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8 ಥರದ ರಾಸಾಯನಿಕ ಕಕ್ಕುತ್ತದೆ, ಅವೇ ಆ ಕೋಶವನ್ನು ಕಾಂಡಕೋಶದ ಸ್ಥಿತಿಯಲ್ಲಿ ಉಳಿಸುತ್ತವೆ. ಹತ್ತಿರ ಇದ್ದರೆ ಸಾಲದು, ಮೈಗೆ ಮೈ ತಾಗಬೇಕು. ಟಿಲ್ ಲೆಕ್ಕದಲ್ಲಿ ಈ ವಿಷಯ ಬರುವುದೇ ಇಲ್ಲ. ಅದರಲ್ಲಿ ಮ್ಯಾಕ್ರೋಫೇಜ್ ಎಣಿಸುವುದಿಲ್ಲ, ಯಾರು ಯಾರಿಗೆ ತಾಗಿ ಕೂತಿದ್ದಾರೆ ಅಂತ ನೋಡುವುದಿಲ್ಲ, ಕೊಲ್ಲುವ ಟಿ-ಕೋಶ ಮತ್ತು ಅದನ್ನು ತಡೆಯುವ ಟಿ-ರೆಗ್ ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕುತ್ತದೆ. 40 ಅನ್ನುವ ಸಂಖ್ಯೆ ಸುಳ್ಳಲ್ಲ, ನಾವು ಅದರಿಂದ ಜಾಸ್ತಿ ಕೇಳಿದೆವು ಅಷ್ಟೇ.

ಮ್ಯಾಕ್ರೋಫೇಜ್ ಯಾಕೆ ಹೀಗೆ ಮಾಡುತ್ತದೆ? ಭಾವನಿಗೆ ಇದನ್ನು ಹೇಳುವಾಗ ಯಕ್ಷಗಾನ ನೆರವಿಗೆ ಬಂತು. ಅವರು ಹಿಂದೆ ಹವ್ಯಾಸಿ ಮೇಳದಲ್ಲಿ ವೇಷ ಹಾಕುತ್ತಿದ್ದವರು. ಅದೇ ಕಲಾವಿದ ಒಂದು ರಾತ್ರಿ ಭೀಮ, ಇನ್ನೊಂದು ರಾತ್ರಿ ಬಕಾಸುರ. ಪಾತ್ರ ಚೌಕಿಯಲ್ಲಿ (ಬಣ್ಣ ಹಚ್ಚುವ ಮನೆಯಲ್ಲಿ) ನಿಕ್ಕಿ ಆಗುತ್ತದೆ. ಇಲ್ಲಿ ಗಡ್ಡೆಯೇ ಚೌಕಿ. ಅದು ಸಿಸಿಎಲ್2, ಸಿಎಸ್‌ಎಫ್1 ಅನ್ನುವ ಸಂಕೇತ ಕಳಿಸಿ ರಕ್ತದಲ್ಲಿರುವ ಮೊನೊಸೈಟ್‌ಗಳನ್ನು (ಮುಂದೆ ಮ್ಯಾಕ್ರೋಫೇಜ್ ಆಗುವ ಕೋಶಗಳನ್ನು) ಕರೆಸಿಕೊಳ್ಳುತ್ತದೆ. ಬಂದವರಿಗೆ 'ಇಲ್ಲಿ ಗಾಯ ಆಗಿದೆ, ಜಗಳ ಬೇಡ, ರಿಪೇರಿ ಮಾಡು' ಅನ್ನುವ ಪಾತ್ರ ಕೊಡುತ್ತದೆ. ಮ್ಯಾಕ್ರೋಫೇಜ್ ದ್ರೋಹಿ ಏನಲ್ಲ. ಕೈ ಕೊಯ್ದುಕೊಂಡಾಗ ಮಾಡುವ ಕೆಲಸವನ್ನೇ ಇಲ್ಲೂ ಮಾಡುತ್ತದೆ: ರಕ್ತನಾಳ ಬೆಳೆಸು, ಉರಿಯೂತ ತಗ್ಗಿಸು, ಕಾಂಡಕೋಶಗಳನ್ನು ಕಾಪಾಡು. ತಪ್ಪು ಜಾಗದಲ್ಲಿ ಸರಿಯಾದ ಕೆಲಸ. ಕೀಮೋ ಕೂಡ ಒಂದು ಗಾಯವೇ ಅಲ್ವಾ? ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟ ಇಲಿಗಳ ಗಡ್ಡೆಗೆ ಮ್ಯಾಕ್ರೋಫೇಜ್‌ಗಳು ಇನ್ನೂ ಜಾಸ್ತಿ ಬಂದು ಸೇರಿದ್ದನ್ನು, ಅವನ್ನು ತಡೆದರೆ ಕೀಮೋ ಚೆನ್ನಾಗಿ ಕೆಲಸ ಮಾಡಿದ್ದನ್ನು 2011ರಲ್ಲೇ ತೋರಿಸಿದ್ದಾರೆ.

ಪಕ್ಕದಲ್ಲಿ ತರಕಾರಿ ಹೆಚ್ಚುತ್ತಿದ್ದ ಅಕ್ಕ ಮಧ್ಯೆ ಬಾಯಿ ಹಾಕಿದರು: "ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ ಮಾರಾಯ್ತಿ." ಅಷ್ಟರಲ್ಲಿ ಭಾವ ಟಿ-ಕೋಶಗಳ ಪರ ವಹಿಸಿದ್ದರು, ಅವಾದರೂ ಒಳ್ಳೆಯವು ಅಲ್ವಾ ಅಂತ. ಒಂದು ಮಟ್ಟಿಗೆ ಹೌದು. ಆದರೆ ಅಲ್ಲೂ ಒಂದು ತೊಡಕಿದೆ. 2009ರ ಒಂದು ಇಲಿ ಪ್ರಯೋಗದಲ್ಲಿ ಸಿಡಿ8 ಟಿ-ಕೋಶಗಳ ದಾಳಿಗೆ ಸಿಕ್ಕ ಸ್ತನ ಕ್ಯಾನ್ಸರ್ ಕೋಶಗಳು ತಮ್ಮ ಗುರುತೇ ಬದಲಿಸಿಕೊಂಡವು. ಅಂಟಿಕೊಂಡು ಕೂರುವ ಕೋಶ ಹೋಗಿ, ಸಡಿಲವಾಗಿ ತೆವಳುವ, ಔಷಧಿಗೆ ಬಗ್ಗದ, ಕಾಂಡಕೋಶದ ಲಕ್ಷಣದ ಕೋಶ ಆದವು. ಈ ಬದಲಾವಣೆಗೆ ಇಎಂಟಿ ಅನ್ನುತ್ತಾರೆ. ಇಎಂಟಿ ಆದರೆ ಕಾಂಡಕೋಶದ ಗುಣ ಬರುತ್ತದೆ ಅಂತ 2008ರಲ್ಲಿ ಸೆಂದುರೈ ಮಣಿ ಮತ್ತು ವೈನ್‌ಬರ್ಗ್ ತಂಡ ತೋರಿಸಿತ್ತು. ಅಂದರೆ ಅರ್ಧಂಬರ್ಧ ಹೊಡೆತ ಬಿದ್ದರೆ ಉಳಿದವು ಗಟ್ಟಿಯಾಗುತ್ತವೆ. 2022ರಲ್ಲಿ ಟ್ರಿಪಲ್ ನೆಗೆಟಿವ್ ಗಡ್ಡೆಗಳಲ್ಲೇ ಇನ್ನೊಂದು ವಿಷಯ ಹೊರಬಿತ್ತು. ವಿಭಜನೆ ನಿಲ್ಲಿಸಿ ನಿದ್ದೆ ಹೋದ ಕೋಶಗಳು ಗುಂಪಾಗಿ ಸೇರಿ, ಸುತ್ತಲಿನ ವಾತಾವರಣವನ್ನೇ ಟಿ-ಕೋಶಗಳು ಸುಸ್ತಾಗುವ ಹಾಗೆ ಮಾಡಿಕೊಳ್ಳುತ್ತವೆ. ಅಕ್ಕನ ಸ್ಲೈಡಿನಲ್ಲಿ ಒಂದೂ ಟಿ-ಕೋಶ ಇಲ್ಲದ ಆ ಗೂಡುಗಳು ನನಗೆ ಅದನ್ನು ನೆನಪಿಸಿದವು.

ಇಲ್ಲಿ ಒಂದು ಕಡೆ ನಿಲ್ಲಬೇಕು. ಅಕ್ಕನ ಸ್ಲೈಡಿನಲ್ಲಿ ಆ ಕೋಶಗಳು ಮೊದಲೇ ಇದ್ದು ಕೀಮೋ ತಪ್ಪಿಸಿಕೊಂಡವೋ, ಅಥವಾ ಸಾಮಾನ್ಯ ಕೋಶಗಳನ್ನೇ ಮ್ಯಾಕ್ರೋಫೇಜ್‌ಗಳು ಹಾಗೆ ಮಾಡಿದವೋ, ನಿಂತ ಚಿತ್ರ ನೋಡಿ ಹೇಳಲು ಆಗುವುದಿಲ್ಲ. ಸ್ಲೈಡು ಒಂದು ಫೋಟೊ, ವೀಡಿಯೊ ಅಲ್ಲ. ಸಿಡಿ44 ಇದೆ, ಸಿಡಿ24 ಇಲ್ಲ ಅಂದ ಮಾತ್ರಕ್ಕೆ ಪ್ರತಿಯೊಂದೂ ಕಾಂಡಕೋಶ ಅಂತಲೂ ಅಲ್ಲ. ಹಾಗಾಗಿಯೇ ಈ ಬಣ್ಣಗಳ ಫಲಿತಾಂಶ ಅಕ್ಕನ ರಿಪೋರ್ಟಿಗೆ ಹೋಗಲಿಲ್ಲ, ಹೋಗಬಾರದು ಕೂಡ. ಚಿಕಿತ್ಸೆ ನಿರ್ಧಾರ ಆಗಿದ್ದು 6 ಮಿಲಿಮೀಟರ್ ಉಳಿದಿದೆ ಅನ್ನುವ ಒಂದೇ ವಿಷಯದ ಮೇಲೆ.

ಮ್ಯಾಕ್ರೋಫೇಜ್‌ಗೂ ಕ್ಯಾನ್ಸರ್ ಕೋಶಕ್ಕೂ ಇರುವ ಆ ನೆಂಟಸ್ತಿಕೆ ಮುರಿಯುವ ಔಷಧಿ ಇಲ್ವಾ ಅಂತ ಭಾವ ಕೇಳಿದರು. ಪ್ರಯತ್ನಗಳು ಆಗಿವೆ. ಇಂಟರ್‌ಲ್ಯೂಕಿನ್-8ರ ಬಾಗಿಲು ಮುಚ್ಚುವ ರೆಪಾರಿಕ್ಸಿನ್ ಇಲಿಯಲ್ಲಿ ಕಾಂಡಕೋಶಗಳನ್ನು ಚೆನ್ನಾಗಿ ಕಡಿಮೆ ಮಾಡಿತ್ತು. ಟ್ರಿಪಲ್ ನೆಗೆಟಿವ್ ಹರಡಿದ ಹೆಂಗಸರಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ಕೊಟ್ಟಾಗ ರೋಗ ಬೆಳೆಯುವುದನ್ನು ಮುಂದೂಡಲು ಆಗಲಿಲ್ಲ. ಮ್ಯಾಕ್ರೋಫೇಜ್‌ಗಳ ಸಿಎಸ್‌ಎಫ್1 ದಾರಿ ತಡೆಯುವ ಪೆಕ್ಸಿಡಾರ್ಟಿನಿಬ್‌ಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಆದರೆ ಅದು ಕೀಲಿನ ಒಂದು ಅಪರೂಪದ ಗಡ್ಡೆಗೆ. ನನ್ನ ಅನಿಸಿಕೆ ಹೇಳುವುದಾದರೆ, ಎಲ್ಲ ಮ್ಯಾಕ್ರೋಫೇಜ್‌ಗಳನ್ನು ಓಡಿಸುವುದು ಒರಟು ಉಪಾಯ. ನೊರೆ ತುಂಬಿಕೊಂಡು ಕಸ ಎತ್ತುತ್ತಿದ್ದವೂ ಅದರಲ್ಲಿ ಹೋಗುತ್ತವೆ. ತಬ್ಬಿ ಕೂತವನ್ನು ಮಾತ್ರ ಬಿಡಿಸುವುದು ಹೇಗೆ ಅನ್ನುವುದು ಕಷ್ಟದ ಪ್ರಶ್ನೆ.

"ಹಾಗಾದ್ರೆ ನನ್ನ ಪುಡಿ?" ಅಂದರು ಭಾವ. ಆ ಪುಡಿಯಲ್ಲಿ ಏನಿದೆಯೋ ದೇವರೇ ಬಲ್ಲ. ಇದ್ದರೂ ಅದು ಯಾರಿಗೆ ಬಲ ಕೊಡುತ್ತದೆ, ಹೊರಗೆ ನಿಂತವರಿಗಾ, ತಬ್ಬಿ ಕೂತವರಿಗಾ? ಡಬ್ಬದ ಮೇಲೆ ಬರೆದಿಲ್ಲವಲ್ಲ ಅಂದೆ. ಭಾವ ಡಬ್ಬ ತಿರುಗಿಸಿ ನಿಜವಾಗಿಯೂ ಓದಿದರು. ಈಗ ಅದರಲ್ಲಿ ಏಲಕ್ಕಿ ಇದೆ.

ಆಪರೇಷನ್ ಆದ ಮೇಲೆ ರೇಡಿಯೇಷನ್, ಆಮೇಲೆ ಕ್ಯಾಪೆಸಿಟಬಿನ್ ಮಾತ್ರೆ 8 ಸುತ್ತು. ಕೀಮೋ ನಂತರವೂ ಗಡ್ಡೆ ಉಳಿದವರಿಗೆ ಇದು. ಜಪಾನ್ ಮತ್ತು ಕೊರಿಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಕ್ರಿಯೇಟ್-ಎಕ್ಸ್ ಪ್ರಯೋಗದಲ್ಲಿ, ಇಂಥ ಟ್ರಿಪಲ್ ನೆಗೆಟಿವ್ ರೋಗಿಗಳಲ್ಲಿ 5 ವರ್ಷ ಬದುಕಿದವರು 70.3ರಿಂದ 78.8 ಶೇಕಡಾಕ್ಕೆ ಏರಿದ್ದರು. ಭಾವ ಕೇಳಿದ ಹಾಗೆ ಆಪರೇಷನ್ ಬಿಟ್ಟಿದ್ದರೆ, ಅಂದರೆ ಪಾಯಸದ ದಿನವೇ ಮುಗಿಯಿತು ಅಂದುಕೊಂಡಿದ್ದರೆ, ಆ 6 ಮಿಲಿಮೀಟರ್ ಅಲ್ಲೇ ಇರುತ್ತಿತ್ತು, ಈ ಮಾತ್ರೆಯೂ ಸಿಗುತ್ತಿರಲಿಲ್ಲ. ಮಾತ್ರೆ ಸುಲಭದ್ದೇನಲ್ಲ. ಅಂಗೈ, ಅಂಗಾಲು ಕೆಂಪಾಗಿ ಸುಲಿದು, ಅಕ್ಕನಿಗೆ ಮೂರು ತಿಂಗಳು ಕಾಯಿ ತುರಿಯಲು ಆಗಲಿಲ್ಲ. ಬೆರಳಚ್ಚು ಹಿಡಿಯದೆ ರೇಷನ್ ಅಂಗಡಿಯ ಮೆಷಿನ್ ಎರಡು ಸಲ ವಾಪಸ್ ಕಳಿಸಿತು.

ಈಗ 2 ವರ್ಷ ದಾಟಿದೆ. ಟ್ರಿಪಲ್ ನೆಗೆಟಿವ್ ತಿರುಗಿ ಬರುವುದಿದ್ದರೆ ಮೊದಲ 3 ವರ್ಷದಲ್ಲೇ ಜಾಸ್ತಿ, ಹಾಗಾಗಿ ಇನ್ನೂ ಲೆಕ್ಕ ಹಾಕುತ್ತಿದ್ದೇವೆ. ತಪಾಸಣೆಯ ದಿನ ಅಕ್ಕ ಬೆಳಗಿನ ಲೋಕಲ್ ಹಿಡಿದು ಹೋಗಿ, ಮಧ್ಯಾಹ್ನ ಬಂದು ಕ್ಯಾಂಟೀನಿನ ಗಲ್ಲಾಪೆಟ್ಟಿಗೆ ಹತ್ತಿರ ಕೂರುತ್ತಾರೆ. ಕೂದಲು ಬಂದಿದೆ, ಮೊದಲಿಗಿಂತ ಗುಂಗುರು. ಕೆಲಸ ಮುಗಿಸಿ ನಾನು ಸ್ಟೇಷನ್ ಇಳಿದರೆ ಪ್ರತಿ ಸಲ ಅದೇ ಪ್ರಶ್ನೆ: "ಎಂತ ಹೇಳ್ತಾರೆ ನಿನ್ನ ಕಾವಲುಗಾರರು?" ಅವರು ಏನು ಮಾಡುತ್ತಿದ್ದಾರೆ ಅಂತ ಹೊರಗಿನಿಂದ ನೋಡುವ ಪರೀಕ್ಷೆ ಇಲ್ಲ ಅಕ್ಕ, ಡಾಕ್ಟರ ಕೈ, ವರ್ಷಕ್ಕೊಂದು ಮ್ಯಾಮೊಗ್ರಾಮ್, ಅಷ್ಟೇ ಅಂತ ನಾನೂ ಪ್ರತಿ ಸಲ ಅದನ್ನೇ ಹೇಳುತ್ತೇನೆ.

"ಸರಿ ಹಾಗಾದ್ರೆ, ಚಾ ಕುಡಿ" ಅನ್ನುತ್ತಾರೆ.